ಸಾವಯವಕ್ಕೆ ಬಂದರೆ ಬೇರಿನ ಶಿಲೀಂಧ್ರ ತಾನಾಗೇ ಬರುತ್ತಾ?

ಪ್ರಶ್ನೆ: ನಮ್ಮದು ಕುಂದಗೋಳ ತಾಲೂಕು, ಎರೆ ಹೊಲ. ಮೆಣಸಿನಕಾಯಿ, ಉಳ್ಳಾಗಡ್ಡಿ ಬೆಳೆಯುತ್ತೇವೆ. ಡಿಎಪಿ ಗೊಬ್ಬರ ಹಾಕಿದರೆ ಬೇರಿನ ಒಳ್ಳೆಯ ಶಿಲೀಂಧ್ರ ಸಾಯುತ್ತದೆ, ಸಾವಯವ ಮಾಡಿದರೆ ತಾನಾಗೇ ಬರುತ್ತದೆ ಅಂತಾರೆ. ನಿಜವೇ?

ಉತ್ತರ: ಅರ್ಧ ನಿಜ. ಡಿಎಪಿ ಅದನ್ನು ಕೊಲ್ಲುವುದಿಲ್ಲ, ಗಿಡವೇ ಅದನ್ನು ಒಳಗೆ ಬಿಟ್ಟುಕೊಳ್ಳುವುದು ಕಡಿಮೆ ಮಾಡುತ್ತದೆ.

ಒಂದು ಉಳ್ಳಾಗಡ್ಡಿ ಗಿಡ ಹುಷಾರಾಗಿ ಕಿತ್ತು, ಬೇರು ತೊಳೆದು ನೋಡಿ. ಬಿಳಿ ದಾರದ ಹಾಗಿದೆ. ಕವಲು ಕಡಿಮೆ, ರೋಮ ಇನ್ನೂ ಕಡಿಮೆ. ಇಂಥ ಬೇರಿಗೆ ರಂಜಕ ಸಿಗುವುದೇ ಕಷ್ಟ. ರಂಜಕ ಯೂರಿಯಾದ ಹಾಗೆ ನೀರಿನ ಜೊತೆ ಓಡಾಡುವುದಿಲ್ಲ. ಎರೆ ಮಣ್ಣಿನಲ್ಲಿ ಸುಣ್ಣದ ಜೊತೆ ಸೇರಿ ಕೂತುಬಿಡುತ್ತದೆ. ಬೇರಿನ ಪಕ್ಕದ ಒಂದೆರಡು ಮಿಲಿಮೀಟರ್ ಜಾಗದ್ದು ಖಾಲಿಯಾದರೆ ಮುಗಿಯಿತು. ಅಲ್ಲಿಂದಾಚೆಗೆ ಗಿಡಕ್ಕೆ ಕೈಯಾಗುವುದು ನೀವು ಕೇಳಿದ ಆ ಶಿಲೀಂಧ್ರವೇ. ಅದರ ಹೆಸರು ಮೈಕೋರೈಜಾ, ಅಂಗಡಿಯಲ್ಲಿ ವ್ಯಾಮ್ ಅಂತ ಮಾರುತ್ತಾರಲ್ಲ, ಅದೇ. ಅದರ ಎಳೆ ಬೇರಿನ ರೋಮಕ್ಕಿಂತಲೂ ತೆಳು. ಆದರೂ ಕೆಲವು ಸೆಂಟಿಮೀಟರ್ ದೂರದಿಂದ ರಂಜಕ, ಸತು ಎಳೆದು ತರುತ್ತದೆ. ಪ್ರಯೋಗಾಲಯದಲ್ಲಿ ಬೇರಿಗೆ ನೀಲಿ ಬಣ್ಣ ಹಿಡಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ಜೀವಕೋಶದೊಳಗೆ ಪುಟ್ಟ ಮರ ಕವಲೊಡೆದಂತೆ ಕಾಣುತ್ತದೆ. ಶಿಲೀಂಧ್ರ ರಂಜಕ ಕೊಟ್ಟು ಗಿಡದಿಂದ ಸಕ್ಕರೆ, ಕೊಬ್ಬು ಪಡೆಯುವುದು ಅಲ್ಲೇ.

ರಂಜಕ ಸುಲಭವಾಗಿ ಸಿಕ್ಕರೆ ಗಿಡ ಸಕ್ಕರೆ ಯಾಕೆ ಕೊಡುತ್ತದೆ ಹೇಳಿ? 50 ಕೆಜಿ ಡಿಎಪಿ ಚೀಲದಲ್ಲಿ ರಂಜಕ, ಗೊಬ್ಬರದ ಲೆಕ್ಕದಲ್ಲಿ (P2O5), 23 ಕೆಜಿ. ವರ್ಷ ವರ್ಷ ಅಂದಾಜಿನ ಮೇಲೆ ಸುರಿದ ಹೊಲದಲ್ಲಿ ಈ ಸಂಬಂಧ ಸೊರಗುತ್ತದೆ. ಕೋಳಿ ಗೊಬ್ಬರದಲ್ಲೂ ರಂಜಕ ಜಾಸ್ತಿ. ಅದನ್ನು ಮಿತಿಮೀರಿ ಹಾಕಿದರೆ ಸಾವಯವ ಹೊಲದಲ್ಲೂ ಇದೇ ಗತಿ. ಅದಕ್ಕೇ ಮೊದಲು ಮಣ್ಣು ಪರೀಕ್ಷೆ ಮಾಡಿಸಿ ಅನ್ನುವುದು.

ಸ್ವಿಟ್ಜರ್ಲೆಂಡಿನಲ್ಲಿ 1978ರಿಂದ ಸಾವಯವ, ರಾಸಾಯನಿಕ ಎರಡೂ ಪದ್ಧತಿಯನ್ನು ಅಕ್ಕಪಕ್ಕ ಬೆಳೆದು ನೋಡಿದ್ದಾರೆ. 2002ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಸಾವಯವ ತಾಕುಗಳಲ್ಲಿ ಈ ಶಿಲೀಂಧ್ರ ಹೊಕ್ಕ ಬೇರಿನ ಉದ್ದ ಶೇ. 40 ಜಾಸ್ತಿ ಇತ್ತು. ಇಳುವರಿ ಶೇ. 20 ಕಡಿಮೆ ಇತ್ತು, ಅದನ್ನೂ ಮುಚ್ಚಿಡಬಾರದು. ಅಲ್ಲಿಯ ಮಣ್ಣು, ಬೆಳೆ ಬೇರೆ. ಆ ಅಂಕಿಯನ್ನು ಹಾಗೇ ನಮ್ಮ ಹೊಲಕ್ಕೆ ತರಲಾಗದು.

ರೋಗಕ್ಕೆ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಬುಡಕ್ಕೆ ಸುರಿದರೆ ಒಳ್ಳೆಯ ಶಿಲೀಂಧ್ರಕ್ಕೂ ಪೆಟ್ಟು. ಮೇಲಿಂದ ಮೇಲೆ ಆಳವಾಗಿ ಉಳುಮೆ ಮಾಡಿದರೆ ಎಳೆಗಳ ಜಾಲ ಹರಿದುಹೋಗುತ್ತದೆ.

ಬಹಳ ಜನ ಮೈಕೋರೈಜಾವನ್ನು ಟ್ರೈಕೋಡರ್ಮಾ (ರೋಗ ತಡೆಯಲು ಬಳಸುವ ಬೇರೊಂದು ಶಿಲೀಂಧ್ರ) ಅಂದುಕೊಂಡು ತಿಪ್ಪೆಗೊಬ್ಬರದಲ್ಲಿ ಬೆಳೆಸಲು ನೋಡುತ್ತಾರೆ. ಅದು ಆಗದ ಕೆಲಸ. ಟ್ರೈಕೋಡರ್ಮಾ ಗೊಬ್ಬರದಲ್ಲಿ ಬೆಳೆಯುತ್ತದೆ, ಮೈಕೋರೈಜಾಕ್ಕೆ ಜೀವಂತ ಬೇರೇ ಬೇಕು. ಹಾಗಾಗಿ ಮೆಣಸಿನ ಸಸಿ ಮಡಿಯಲ್ಲೇ, ಬೀಜದ ಕೆಳಗೆ ವ್ಯಾಮ್ ತೆಳುವಾಗಿ ಹಾಕಿ. ಬೇರು ಇಳಿಯುವಾಗ ಅದಕ್ಕೆ ತಾಗಬೇಕು. ಎಲೆಕೋಸು, ಹೂಕೋಸು, ಮೂಲಂಗಿ, ಬೀಟ್‌ರೂಟ್, ಪಾಲಕ್‌ಗೆ ಮಾತ್ರ ಸುಮ್ನೆ ದುಡ್ಡು ಹಾಕಬೇಡಿ. ಅವುಗಳ ಬೇರು ಇದನ್ನು ಸೇರಿಸಿಕೊಳ್ಳುವುದೇ ಇಲ್ಲ.

ಇನ್ನು ಉಳ್ಳಾಗಡ್ಡಿ ಕಿತ್ತ ಮೇಲೆ ಹೊಲ ಖಾಲಿ ಬಿಡಬೇಡಿ. ಹಿಂಗಾರಿಗೆ ಬಿಳಿಜೋಳ, ಕಡಲೆ ಬಿತ್ತುವ ನಮ್ಮ ಹಳೆಯ ರೂಢಿ ಇದೆಯಲ್ಲ, ಆ ಬೇರುಗಳಲ್ಲಿ ಶಿಲೀಂಧ್ರ ಬೆಳೆದು ಮಣ್ಣಿನಲ್ಲಿ ಬೀಜಕ ಬಿಡುತ್ತದೆ. ಮುಂಗಾರಿನ ಮೆಣಸಿನಕಾಯಿಗೆ ಸಿಗುವುದು ಅದೇ.