ದೋಣಿಯ ನೆಲಹಲಗೆ: ಬಿಗಿಯಾಗಿರಬೇಕು, ಬಿಡಿಯಾಗಿಯೂ ಇರಬೇಕು

ಮರದ ದೋಣಿಗೆ ಇಳಿದವರ ಕಾಲು ದೋಣಿಯ ತಳವನ್ನು ಮುಟ್ಟುವುದಿಲ್ಲ, ಮುಟ್ಟಲೂಬಾರದು. ನಡುವೆ ಒಂದು ಸಾಲು ಹಲಗೆಗಳಿರುತ್ತವೆ. ದೋಣಿಯನ್ನು ತಾವೇ ಕಟ್ಟಿಕೊಳ್ಳುವ ಹವ್ಯಾಸಿಗಳು ಹೊರಮೈಯ ಬಾಗು, ಬಣ್ಣ, ಹುಟ್ಟುಗಳ ಬಗ್ಗೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಈ ನೆಲಹಲಗೆಗಳನ್ನು ಮಾತ್ರ ಕೊನೆಯ ವಾರಕ್ಕೆ ಬಿಟ್ಟು, ಉಳಿದ ಮರದಲ್ಲಿ ಹೇಗೋ ಹೊಂದಿಸಿ ಮುಗಿಸುತ್ತಾರೆ. ನನ್ನ ಲೆಕ್ಕದಲ್ಲಿ ದೋಣಿಯ ಅತ್ಯಂತ ಪೇಚಿನ ಕೆಲಸ ಇದೇ. ತುಳಿದಾಗ ಹಲಗೆ ಅಲುಗಬಾರದು. ಬೇಕೆಂದಾಗ ಸುಲಭವಾಗಿ ಎದ್ದು ಬರಬೇಕು. ದೋಣಿ ಮಗುಚಿದಾಗ ಏನೇ ಆದರೂ ಎದ್ದು ಬರಬಾರದು.

ಈ ತಕರಾರು ಇಂದಿನದಲ್ಲ. ನಾರ್ವೆಯಲ್ಲಿ 1904ರಲ್ಲಿ ಅಗೆದು ತೆಗೆದ, ಸಾವಿರ ವರ್ಷಕ್ಕೂ ಹಳೆಯದಾದ ಓಸೆಬರ್ಗ್ ಹಡಗಿನಲ್ಲಿ ಬಹುಪಾಲು ಹಲಗೆಗಳನ್ನು ಅಡ್ಡತೊಲೆಗಳಿಗೆ ಮೊಳೆ ಹೊಡೆದು ಕೂರಿಸಿದ್ದರು. ಅದೇ ನಾಡಿನಲ್ಲಿ 1880ರಲ್ಲಿ ಸಿಕ್ಕ ಗೋಕ್‌ಸ್ಟಾಡ್ ಹಡಗಿನ ಪೈನ್ ಹಲಗೆಗಳು ಬಿಡಿಯಾಗಿದ್ದವು. ಅವನ್ನೆತ್ತಿ ಅಡಿಯಲ್ಲಿ ಸಾಮಾನು ತುಂಬಬಹುದಿತ್ತು, ಸೇರಿದ ನೀರನ್ನು ಮೊಗೆದು ಚೆಲ್ಲಬಹುದಿತ್ತು. ಎರಡನೆಯದು ತೆರೆದ ಕಡಲನ್ನು ಬಲ್ಲವರ ಆಯ್ಕೆ ಎಂದು ನನಗನ್ನಿಸುತ್ತದೆ.

ಇಂದಿನ ಉದಾಹರಣೆಗೆ ಸ್ಕಾಟ್ಲೆಂಡಿನ ಸೇಂಟ್ ಐಲ್ಸ್ ದೋಣಿಯನ್ನು ನೋಡಬಹುದು. ಆನ್‌ಸ್ಟ್ರದರ್ ಎಂಬ ಊರಿನಲ್ಲಿರುವ ಸ್ಕಾಟಿಷ್ ಮೀನುಗಾರಿಕಾ ಸಂಗ್ರಹಾಲಯದ ಕೋರಿಕೆಯ ಮೇಲೆ ಇಯಾನ್ ಓಟ್ರೆಡ್ ಇದನ್ನು ವಿನ್ಯಾಸಗೊಳಿಸಿದರು. 2009ರಿಂದೀಚೆಗೆ ಕರಾವಳಿಯ ಊರುಗಳ ಜನ ಒಟ್ಟಾಗಿ, ಊರಿಗೊಂದರಂತೆ, ಇದನ್ನು ಕಟ್ಟಿಕೊಳ್ಳುತ್ತಿದ್ದಾರೆ. ಉದ್ದ 22 ಅಡಿ. ಹುಟ್ಟು ಹಾಕುವವರು ನಾಲ್ವರು, ಚುಕ್ಕಾಣಿಗೆ ಒಬ್ಬರು. ಹೊರಮೈ ಪ್ಲೈವುಡ್ ಪಟ್ಟಿಗಳದು, ಒಂದರ ಅಂಚಿನ ಮೇಲೆ ಇನ್ನೊಂದರ ಅಂಚನ್ನು ಹೊದಿಸಿ ಅಂಟಿಸಿದ್ದು. ಇಂಥ ತೆಳು ಮೈಯ ಮೇಲೆ ಎಪ್ಪತ್ತು ಕಿಲೋ ತೂಕದವರೊಬ್ಬರು ದಡದಿಂದ ಹಾರಿ ಹಿಮ್ಮಡಿಯೂರಿದರೆ ಆ ಭಾರವೆಲ್ಲ ಕೆಲವೇ ಚದರ ಸೆಂಟಿಮೀಟರಿಗೆ ಬೀಳುತ್ತದೆ. ನೆಲಹಲಗೆ ಆ ಭಾರವನ್ನು ಹಿಡಿದು ದೋಣಿಯ ಅಡ್ಡಪಟ್ಟಿಗಳಿಗೆ, ಅಲ್ಲಿಂದ ನಡುವಿನ ಅಡಿಮರಕ್ಕೆ ಹಂಚುತ್ತದೆ. ಹೀಗಾಗಿ ಹಲಗೆ ಕೂರಬೇಕಾದದ್ದು ಅಡ್ಡಪಟ್ಟಿಗಳ ಮೇಲೆ. ಎಲ್ಲಾದರೂ ಒಂದು ಕಡೆ ಅದರ ಅಂಚು ಹೊರಮೈಗೆ ತಾಗುತ್ತಿದ್ದರೆ ಭಾರ ಆ ಒಂದೇ ಗೆರೆಯ ಮೇಲೆ ಕುಕ್ಕುತ್ತದೆ.

ದಪ್ಪದ ವಿಚಾರದಲ್ಲಿ ಒಂದು ಲೆಕ್ಕ ನೆನಪಿಡುವಂಥದ್ದು. ಹಲಗೆ ಬಾಗದೆ ನಿಲ್ಲುವ ಗುಣ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. 12 ಮಿ.ಮೀ. ಬದಲು 15 ಮಿ.ಮೀ. ಹಲಗೆ ಹಾಕಿದರೆ ತೂಕ ಕಾಲುಭಾಗ ಹೆಚ್ಚಾದೀತು, ಬಾಗುವುದು ಮಾತ್ರ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಆಸರೆಗಳ ನಡುವಿನ ಅಂತರ ಎರಡರಷ್ಟಾದರೆ ಅದೇ ಭಾರಕ್ಕೆ ಹಲಗೆ ಎಂಟು ಪಟ್ಟು ಬಾಗುತ್ತದೆ. ನಡುವೆ ಒಂದು ಆಸರೆಪಟ್ಟಿ ಸೇರಿಸುವುದು ಎಷ್ಟೋ ಸಲ ದಪ್ಪ ಮರ ಕೊಳ್ಳುವುದಕ್ಕಿಂತ ಅಗ್ಗ, ಹಗುರವೂ ಹೌದು.

ನಿಜವಾದ ತೊಡಕು ಮರ ಸುಮ್ಮನಿರುವುದಿಲ್ಲ ಎಂಬುದು. ನೀರು ಕುಡಿದಾಗ ಮರದ ಜೀವಕೋಶಗಳ ಗೋಡೆಗಳು ಉಬ್ಬುತ್ತವೆ. ಎಳೆಯ ಉದ್ದಕ್ಕೆ ಈ ಹಿಗ್ಗು ಗಣನೆಗೆ ಬಾರದಷ್ಟು ಕಡಿಮೆ, ಅಡ್ಡಕ್ಕೆ ಮಾತ್ರ ಜೋರು. ಅದರಲ್ಲೂ ವಾರ್ಷಿಕ ಉಂಗುರಗಳ ಗುಂಟ ಆಗುವ ಹಿಗ್ಗು ಉಂಗುರಗಳನ್ನು ಸೀಳಿಕೊಂಡು ಹೋಗುವ ದಿಕ್ಕಿಗಿಂತ ಸುಮಾರು ಎರಡರಷ್ಟು. ಬಹುತೇಕ ಮರಗಳಲ್ಲಿ ಕೋಶಗೋಡೆ ಪೂರ್ತಿ ತೋಯ್ದು ತಣಿಯುವುದು ತೇವಾಂಶ 28ರಿಂದ 30 ಶೇಕಡಾ ತಲುಪಿದಾಗ; ಅಲ್ಲಿಂದಾಚೆ ಹಿಗ್ಗು ನಿಲ್ಲುತ್ತದೆ. ಕಾರ್ಯಾಗಾರದಲ್ಲಿ 12 ಶೇಕಡಾಕ್ಕೆ ಒಣಗಿದ್ದ ಸಾಧಾರಣ ಕೊಯ್ತದ ಪೈನ್ ಹಲಗೆ 100 ಮಿ.ಮೀ. ಅಗಲವಿದ್ದರೆ, ದೋಣಿಯಲ್ಲಿ ನೆನೆದು ನೆನೆದು ಸುಮಾರು 4 ಮಿ.ಮೀ. ಅಗಲವಾಗುವುದು ಸಹಜ. ಎಂಟು ಹಲಗೆಗಳನ್ನು ಒತ್ತೊತ್ತಾಗಿ ಜೋಡಿಸಿದರೆ ಮೂರು ಸೆಂಟಿಮೀಟರು ಎಲ್ಲಿಗೆ ಹೋಗಬೇಕು? ಹಲಗೆಗಳು ನಡುವೆ ಗೂನಿನಂತೆ ಮೇಲೇಳುತ್ತವೆ, ಇಲ್ಲವೇ ಪಕ್ಕದ ಮೈಯನ್ನು ಹೊರಗೆ ತಳ್ಳುತ್ತವೆ. ಹಲಗೆ ಹಲಗೆಗಳ ನಡುವೆ ಎಂಟು ಹತ್ತು ಮಿಲಿಮೀಟರು, ದೋಣಿಯ ಮೈಗೂ ಅಂಚಿನ ಹಲಗೆಗೂ ನಡುವೆ ಇನ್ನೂ ಸ್ವಲ್ಪ ಹೆಚ್ಚು ಸಂದು ಬಿಡುವುದು ಇದಕ್ಕಾಗಿ. ಸಂದು ಕಂಡು ‘ಕೆಲಸ ಒರಟಾಯಿತು’ ಎನ್ನುವವರ ಮಾತಿಗೆ ಕಿವಿಗೊಡಬೇಕಾಗಿಲ್ಲ.

ಹಲಗೆಗಳನ್ನು ಎರಡು ಮೂರು ಒಟ್ಟಿಗೆ ಅಡಿಪಟ್ಟಿಯ ಮೇಲೆ ಸೇರಿಸಿ ತುಂಡು ತುಂಡಾಗಿ ಎತ್ತುವಂತೆ ಮಾಡುವುದು ವಾಡಿಕೆ. ಅಲ್ಲೂ ಮರ ಹಿಗ್ಗಲು ದಾರಿ ಬಿಡಬೇಕು. ಒಂದೊಂದು ಅಡಿಪಟ್ಟಿಗೆ ಹಲಗೆಯ ನಡುಗೆರೆಯಲ್ಲಿ ಒಂದೇ ಸ್ಕ್ರೂ ಸಾಕು. ಎರಡೂ ಅಂಚಿಗೆ ಬಿಗಿದ ಅಗಲ ಹಲಗೆ ಒಣಗಿ ಕುಗ್ಗುವಾಗ ನಡುವೆ ಸೀಳುತ್ತದೆ. ಅಂಚಿನ ಹಲಗೆಯನ್ನು ದೋಣಿಯ ಬಾಗಿಗೆ ಕತ್ತರಿಸಲು ಮೊದಲು ರಟ್ಟಿನ ಅಚ್ಚು ಮಾಡಿಕೊಳ್ಳಬೇಕು. ಕೈವಾರದ ಒಂದು ಕಾಲನ್ನು ದೋಣಿಯ ಮೈಗೆ ಆನಿಸಿ ಎಳೆದುಕೊಂಡು ಹೋದರೆ ಇನ್ನೊಂದು ಕಾಲಿನ ಪೆನ್ಸಿಲು ಅದೇ ಬಾಗನ್ನು ರಟ್ಟಿನ ಮೇಲೆ ಬರೆಯುತ್ತದೆ. ಕಣ್ಣಳತೆಯಲ್ಲಿ ಕೊಯ್ಯುವವರು ಮರ ಹಾಳು ಮಾಡುತ್ತಾರೆ.

ಸಂದಿನಿಂದ ಇನ್ನೊಂದು ಪ್ರಯೋಜನವಿದೆ: ಗಾಳಿಯಾಡುತ್ತದೆ. ಮರವನ್ನು ಕೊಳೆಸುವ ಶಿಲೀಂಧ್ರಕ್ಕೆ ಸಾಮಾನ್ಯವಾಗಿ 20 ಶೇಕಡಾಕ್ಕಿಂತ ಹೆಚ್ಚು ತೇವ ಬೇಕು, ಆಮ್ಲಜನಕವೂ ಬೇಕು. ಕಡಲಿನ ಉಪ್ಪುನೀರು ಅದರ ಬೆಳವಣಿಗೆಗೆ ಅಡ್ಡಿ. ದೋಣಿಯನ್ನು ಹೆಚ್ಚಾಗಿ ಕೊಳೆಸುವುದು ಹಲಗೆಯಡಿ ನಿಂತ ಮಳೆನೀರು. ಅಡ್ಡಪಟ್ಟಿಗಳ ಬುಡದಲ್ಲಿ ಸಣ್ಣ ಕಂಡಿಗಳಿದ್ದರೆ ನೀರು ತಗ್ಗಿನ ಜಾಗಕ್ಕೆ ಹರಿದುಹೋಗುತ್ತದೆ. ಹಳೆಯ ದೋಣಿಗಳಲ್ಲಿ ಈ ಕಂಡಿಗಳೊಳಗೆ ಉದ್ದಕ್ಕೆ ಒಂದು ಸರಪಳಿ ಹಾಯಿಸಿಟ್ಟು, ಕಸ ಕಟ್ಟಿದಾಗ ಹಿಂದೆ ಮುಂದೆ ಜಗ್ಗಿ ಬಿಡಿಸುತ್ತಿದ್ದರು. ಹಲಗೆಗಳನ್ನು ಎತ್ತದೆ ಆಗುವ ಕೆಲಸವಿದು. ಇದನ್ನು ಯೋಚಿಸಿದವನಿಗೆ ಶರಣು.

ಸ್ಕ್ರೂಗಳ ಆಯ್ಕೆಯಲ್ಲಿ ರಸಾಯನಶಾಸ್ತ್ರ ಕೈಕೊಡುತ್ತದೆ. ಹಿತ್ತಾಳೆ ತಾಮ್ರ ಮತ್ತು ಸತುವಿನ ಮಿಶ್ರಣ. ಉಪ್ಪುನೀರಿನಲ್ಲಿ ಸತು ಕರಗಿ ಹೋಗಿ, ನಸುಗೆಂಪು ಬಣ್ಣದ ರಂಧ್ರಮಯ ತಾಮ್ರ ಉಳಿಯುತ್ತದೆ. ಸ್ಕ್ರೂ ನೋಡಲು ಇಡಿಯಾಗಿರುತ್ತದೆ, ತಿರುಗಿಸಿದರೆ ತಲೆ ಕಳಚಿ ಬರುತ್ತದೆ. ಸ್ಟೇನ್‌ಲೆಸ್ ಸ್ಟೀಲನ್ನು ಕಾಯುವುದು ಕ್ರೋಮಿಯಂ ಆಕ್ಸೈಡಿನ ತೆಳುಪೊರೆ. ಆ ಪೊರೆ ತಾನಾಗಿ ದುರಸ್ತಿಯಾಗಲು ಆಮ್ಲಜನಕ ಬೇಕು. ಸದಾ ಒದ್ದೆಯಾದ ಮರದೊಳಗೆ ಅದು ಸಿಗದೆ ಸ್ಟೀಲು ಒಳಗೊಳಗೇ ಸವೆಯಬಹುದು. ಓಕ್ ಮರಕ್ಕೆ ಕಬ್ಬಿಣ ತಾಗಿದರೆ ಆ ಮರದಲ್ಲಿರುವ ಟ್ಯಾನಿನ್ ಎಂಬ ಒಗರು ಪದಾರ್ಥದ ಜತೆ ಸೇರಿ ಕಪ್ಪು ಕಲೆ ಬೀಳುತ್ತದೆ; ಹಿಂದೆ ಬರೆಯುವ ಶಾಯಿ ತಯಾರಿಸುತ್ತಿದ್ದದ್ದೂ ಇದೇ ಕ್ರಿಯೆಯಿಂದ. ದುಬಾರಿಯಾದರೂ ಸಿಲಿಕಾನ್ ಕಂಚಿನ ಸ್ಕ್ರೂ ಭರವಸೆಯದು.

ಕೊನೆಗೆ ಆರ್ಕಿಮಿಡೀಸ್. ಹಲಗೆಗಳ ಒಟ್ಟು ತೂಕ 12 ಕಿಲೋ, ಮರದ ಸಾಂದ್ರತೆ ನೀರಿನ 0.6 ಪಟ್ಟು ಎಂದುಕೊಳ್ಳಿ. ಗಾತ್ರ 20 ಲೀಟರು, ಪೂರ್ತಿ ಮುಳುಗಿದಾಗ ನೀರು ಅವನ್ನು ಸುಮಾರು 8 ಕಿಲೋ ಬಲದಿಂದ ಮೇಲಕ್ಕೆ ದೂಡುತ್ತದೆ. ದೋಣಿ ನೀರು ತುಂಬಿಕೊಂಡ ಗಳಿಗೆಯಲ್ಲಿ ಬಿಡಿ ಹಲಗೆಗಳು ಎದ್ದು ಮೊಣಕಾಲಿಗೆ ಬಡಿದು ತೇಲಿಹೋಗುತ್ತವೆ. ಹಿಡಿದಿಟ್ಟಿದ್ದರೆ ಅದೇ 8 ಕಿಲೋ ದೋಣಿಯನ್ನು ತೇಲಿಸಲು ನೆರವಾಗುತ್ತದೆ. ಇದಕ್ಕೆ ಮೊಳೆ ಬೇಡ. ಅಡ್ಡಪಟ್ಟಿಗೆ ಒಂದೇ ಸ್ಕ್ರೂವಿನಲ್ಲಿ ನಿಲ್ಲಿಸಿದ, ಬೆರಳಿನಿಂದ ತಿರುಗಿಸಬಹುದಾದ ಗಟ್ಟಿಮರದ ತುಂಡು ಹಲಗೆಯ ಅಂಚಿನ ಮೇಲೆ ಬಂದು ಕೂತರೆ ಸಾಕು. ಸ್ಕ್ರೂವಿನ ತಲೆಯಡಿ ಒಂದು ವಾಷರ್ ಹಾಕಿದರೆ ಅಲುಗಾಟಕ್ಕೆ ತಾನಾಗಿ ತಿರುಗುವುದಿಲ್ಲ. ಹುಟ್ಟು ಹಾಕುವವರು ಕಾಲೊತ್ತಿದಾಗ ಹಲಗೆ ಹಿಂದಕ್ಕೆ ಜಾರದಂತೆ ತುದಿಗಳಲ್ಲಿ ಅಡ್ಡಕಟ್ಟೆಯ ಪಟ್ಟಿಯೂ ಬೇಕು.

ಇಷ್ಟಾದ ಮೇಲೆ ದೋಣಿಯನ್ನು ಮೊಣಕಾಲುದ್ದದ ನೀರಿಗೆ ಒಯ್ದು, ಬೇಕೆಂದೇ ಬಕೆಟ್ಟಿನಿಂದ ನೀರು ತುಂಬಿಸಿ ನೋಡಬೇಕು. ಯಾವ ತುಂಡು ಎದ್ದಿತೋ ಅಲ್ಲಿಗೆ ಇನ್ನೊಂದು ತಿರುಗುತುಂಡು ಹಾಕಿದರಾಯಿತು.