ಕೆರೆಯ ಮೀನು ಸಾಯುವುದು ನಸುಕಿನಲ್ಲಿ

ಊರ ನಡುವಿನ ಕೆರೆಯಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದ ಬೆಳಿಗ್ಗೆ ಎಲ್ಲರ ಬಾಯಲ್ಲೂ ಬರುವ ಮೊದಲ ಮಾತು, ಯಾರೋ ವಿಷ ಹಾಕಿದ್ದಾರೆ ಎಂಬುದು. ಕೆರೆಗಳ ನಿರ್ವಹಣೆಯ ಕೆಲಸದಲ್ಲಿ ನಾನು ಕಂಡ ಹೆಚ್ಚಿನ ಪ್ರಕರಣಗಳಲ್ಲಿ ವಿಷದ ಕುರುಹೇ ಇರಲಿಲ್ಲ. ಬೆಳಕು ಹರಿಯುವಷ್ಟರಲ್ಲಿ ನೀರಿನಲ್ಲಿ ಕರಗಿದ್ದ ಆಮ್ಲಜನಕ ಮುಗಿದುಹೋಗಿತ್ತು. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತಾಗಲೂ ಆಮ್ಲಜನಕದ ಕುಸಿತವೇ ಚರ್ಚೆಯ ಕೇಂದ್ರದಲ್ಲಿತ್ತು.

ಚರಂಡಿ ನೀರು ತರುವ ಸಾರಜನಕ ಮತ್ತು ರಂಜಕವನ್ನು ಉಂಡು ಪಾಚಿ ಹುಲುಸಾಗಿ ಬೆಳೆಯುತ್ತದೆ. ಹಗಲಿನಲ್ಲಿ ಅದು ಆಮ್ಲಜನಕವನ್ನು ಬಿಡುತ್ತದೆ, ಆದರೆ ಕತ್ತಲಾದ ಮೇಲೆ ಅದೇ ಪಾಚಿ, ಮೀನು ಮತ್ತು ಹೂಳಿನಲ್ಲಿರುವ ಬ್ಯಾಕ್ಟೀರಿಯಾಗಳು ಒಟ್ಟಾಗಿ ಅದನ್ನು ಖಾಲಿ ಮಾಡುತ್ತವೆ. ಕಾಟ್ಲಾ, ರೋಹುವಿನಂಥ ಗೆಂಡೆ ಜಾತಿಯ ಮೀನುಗಳಿಗೆ ಲೀಟರಿಗೆ 5 ಮಿಲಿಗ್ರಾಂ ಆಮ್ಲಜನಕ ಇದ್ದರೆ ನೆಮ್ಮದಿ. 2ಕ್ಕಿಂತ ಕೆಳಗಿಳಿದರೆ ಉಸಿರು ಕಟ್ಟುತ್ತದೆ. ಆದ್ದರಿಂದ ಮಧ್ಯಾಹ್ನ ಮೂರು ಗಂಟೆಗೆ ಅಳೆದು ನೀರು ಚೆನ್ನಾಗಿದೆ ಎಂದು ಬರೆದ ವರದಿಯನ್ನು ನಾನು ನಂಬುವುದಿಲ್ಲ, ನಸುಕಿನ ಐದು ಗಂಟೆಯ ಅಳತೆಯನ್ನೇ ಕೇಳುತ್ತೇನೆ. ಬೇಸಿಗೆಯ ಕೊನೆಯಲ್ಲಿ ಎರಡು ಮೂರು ದಿನ ಮೋಡ ಕವಿದರೆ ಬಿಸಿಲಿಲ್ಲದೆ ಪಾಚಿ ಹಗಲಲ್ಲೂ ಸಾಕಷ್ಟು ಆಮ್ಲಜನಕ ಬಿಡದು, ಆಗಂತೂ ಈ ಅಳತೆ ತಪ್ಪಲೇಬಾರದು.

ಉಪಕರಣವಿಲ್ಲದವರಿಗೂ ಕಣ್ಣಿಗೆ ಕಾಣುವ ಗುರುತೊಂದಿದೆ. ಅಂಥ ನಸುಕಿನಲ್ಲಿ ಏರಿಯ ಮೇಲೆ ನಿಂತು ನೋಡಿದರೆ ಕಾಟ್ಲಾ ಮೀನುಗಳು ಅಂಚಿಗೆ ಬಂದು, ಬಾಯನ್ನು ನೀರಿನಿಂದ ಮೇಲೆತ್ತಿ ಚಪ್ ಚಪ್ ಎಂದು ಗುಟುಕರಿಸುತ್ತಿರುತ್ತವೆ. ವಾಯುವಿಹಾರಕ್ಕೆ ಬಂದವರು ಅವಕ್ಕೆ ಹಸಿವಾಗಿದೆಯೆಂದು ಮರುಗಿ ಬ್ರೆಡ್ಡು, ಕಡ್ಲೆಪುರಿ ಎಸೆಯುವುದನ್ನು ನಾನು ಎಷ್ಟೋ ಸಲ ತಡೆದಿದ್ದೇನೆ, ಏಕೆಂದರೆ ತಿನ್ನದೆ ಉಳಿದದ್ದು ಕೊಳೆಯುವುದಕ್ಕೂ ಆಮ್ಲಜನಕವೇ ಬೇಕು.

ಗಾಳ ಹಾಕುವವರಿಗೆ ಅವಕಾಶವಿರುವ ಕೆರೆಗಳಲ್ಲಿ ಹೆಚ್ಚು ಮರಿ ಬಿಡಿ ಎಂಬ ಒತ್ತಾಯ ಸದಾ ಇರುತ್ತದೆ. ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಿನಲ್ಲಿ ಸಂತಾನ ಬೆಳೆಸುವುದಿಲ್ಲವಾದ್ದರಿಂದ ಅವುಗಳ ಸಂಖ್ಯೆ ಪೂರ್ತಿಯಾಗಿ ನಮ್ಮ ಕೈಯಲ್ಲಿದೆ. ಬೇಸಿಗೆಯಲ್ಲಿ ಉಳಿಯುವ ನೀರನ್ನು ಲೆಕ್ಕ ಹಿಡಿದು ಮರಿ ಬಿಡಬೇಕೇ ಹೊರತು ಕೋಡಿ ಬಿದ್ದಾಗಿನ ವಿಸ್ತಾರವನ್ನಲ್ಲ; ಮಾರ್ಚ್‌ಗೆ ಮೊದಲೇ ಬೆಳೆದ ಮೀನನ್ನು ಬಲೆ ಹಾಕಿ ತೆಗೆಯಬೇಕು. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಸಂಸ್ಕರಿಸಿದ ನೀರು ಜೊಂಡಿನ ಜೌಗಿನ ಮೂಲಕ ಹಾದು ಒಳಬರುವ ಏರ್ಪಾಡು ನನಗೆ ಮೆಚ್ಚುಗೆಯಾಗಿದೆ. ಪಾಚಿಯ ಆಹಾರ ಅಲ್ಲಿಯೇ ಸಾಕಷ್ಟು ಕಡಿಮೆಯಾಗುತ್ತದೆ.

ಇನ್ನು ನೀರಿಗೆ ಗಾಳಿ ಬೆರೆಸುವ ಕಾರಂಜಿ. ಹಲವು ಕೆರೆಗಳಲ್ಲಿ ಅದು ಸಂಜೆ ಜನ ಸೇರಿದಾಗ ಚಿಮ್ಮಿ, ಗೇಟು ಮುಚ್ಚುವ ಹೊತ್ತಿಗೆ ನಿಲ್ಲುತ್ತದೆ. ಅದರ ಟೈಮರನ್ನು ದಯವಿಟ್ಟು ರಾತ್ರಿ ಹನ್ನೆರಡರಿಂದ ಬೆಳಿಗ್ಗೆ ಏಳರವರೆಗೆ ಓಡುವಂತೆ ಇಡಿಸಿ.