ಕಾಲಿಂದ ಜಾರಿದ ಚಪ್ಪಲಿ

"ಡಾಕ್ಟ್ರೇ, ಒಳಗೆ ಇನ್ನೂ ನಂಜು ಉಳ್ಕೊಂಡಿದೆ, ಹೇಗಾದ್ರೂ ತೆಗೆದುಬಿಡಿ." ಬೆಳೆಗೆ ಹೊಡೆಯುವ ಔಷಧಿ ಹೊಟ್ಟೆ ಸೇರಿ, ಐಸಿಯುನಲ್ಲಿ ಬದುಕಿ ಬಂದು, ವಾರಗಳ ಮೇಲೆ ಕಾಲಿನ ಬಲ ಕಳೆದುಕೊಂಡವರ ಮನೆಯವರು ನನಗೆ ಹೇಳುವ ಮೊದಲ ಮಾತೇ ಇದು. ಅಷ್ಟರಲ್ಲಿ ಗ್ಲೂಕೋಸ್ ಹಾಕಿಸಿ, ಬೇಧಿ ಮಾಡಿಸಿ, ಪಥ್ಯ ಹಿಡಿದು ತಿಂಗಳು ಕಳೆದಿರುತ್ತಾರೆ.

ಆ ಹೊತ್ತಿಗೆ ತೆಗೆಯಲು ನಂಜೇ ಇರುವುದಿಲ್ಲ. ಅದು ಮಾಡಿಹೋದ ಗಾಯ ಈಗ ಮೇಲೆ ಕಾಣುತ್ತಿದೆ, ಅಷ್ಟೇ. ಆರ್ಗನೋಫಾಸ್ಫೇಟ್ ಗುಂಪಿನ ಕೆಲವು ಕೀಟನಾಶಕಗಳು ಮೊದಲ ದಿನವೇ ನರದೊಳಗಿನ ಒಂದು ಕಿಣ್ವವನ್ನು ಕೆಡಿಸಿಬಿಡುತ್ತವೆ. ಫಲ ಕಾಣುವುದು ಎರಡು ಮೂರು ವಾರ ಬಿಟ್ಟು. ಬೇರಿಗೆ ಪೆಟ್ಟು ಬಿದ್ದ ಬಳ್ಳಿ ಕೂಡಲೇ ಬಾಡುತ್ತದಾ? ಆಮೇಲೆ ಕುಡಿಯಿಂದ ಬಾಡುತ್ತಾ ಬರುತ್ತದೆ. ನರವೂ ಹಾಗೇ. ಪಾದಕ್ಕೆ ಹೋಗುವ ನರ ಎಲ್ಲಕ್ಕಿಂತ ಉದ್ದ, ಅದೇ ಮೊದಲು ಸೋಲುತ್ತದೆ. ಮೀನಖಂಡದಲ್ಲಿ ಸೆಳೆತ, ಅಂಗಾಲಲ್ಲಿ ಜುಮ್ಮು, ಆಮೇಲೆ ಪಾದ ಜೋತುಬೀಳುತ್ತದೆ. ಈ ವಿಷಕ್ಕೆ ಆಸ್ಪತ್ರೆಯಲ್ಲಿ ಕೊಡುವ ಅಟ್ರೋಪಿನ್ ಜೀವ ಉಳಿಸುತ್ತದೆ, ಆದರೆ ಇದನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಮೊದಲು ನೋಡಿದ ಡಾಕ್ಟರನ್ನು ಸುಮ್ನೆ ಬೈಯಬೇಡಿ.

1988ರಲ್ಲಿ ಕೋಲ್ಕತ್ತದ ಬೆಹಾಲಾದಲ್ಲಿ ಕಲಬೆರಕೆ ಅಡುಗೆ ಎಣ್ಣೆ ತಿಂದ ನೂರಾರು ಜನರ ಕಾಲಿನ ಬಲ ಹೀಗೇ ಹೋಯಿತು. ಎಣ್ಣೆಯಲ್ಲಿದ್ದದ್ದು ಟ್ರೈಕ್ರೆಸಿಲ್ ಫಾಸ್ಫೇಟ್, ಇದೇ ಗುಂಪಿನ ರಾಸಾಯನಿಕ.

ಹೋದ ವರ್ಷ ಹಾವೇರಿ ಕಡೆಯ ಹುಡುಗನೊಬ್ಬ ಬಂದಿದ್ದ. ಎಡಗಾಲಿನ ಹವಾಯಿ ಚಪ್ಪಲಿ ವರಾಂಡದಲ್ಲೇ ಜಾರಿಹೋಗಿತ್ತು, ಅವನಿಗೆ ಗೊತ್ತೇ ಆಗಿರಲಿಲ್ಲ. ಅಮ್ಮ ಅದನ್ನು ಕೈಯಲ್ಲಿ ಹಿಡಿದು ಹಿಂದೆ ಬಂದರು. ಲಕ್ವ ಅಂದುಕೊಂಡು ಬಿಸಿ ಮರಳಿನ ಶಾಖ ಕೊಟ್ಟಿದ್ದರು. ಅಂಗಾಲಲ್ಲಿ ರೂಪಾಯಿ ಅಗಲದ ಬೊಬ್ಬೆ. ಮರಗಟ್ಟಿದ ಕಾಲಿಗೆ ಸುಟ್ಟದ್ದು ತಿಳಿಯಲ್ಲ ಅಲ್ವಾ? ಬೆಳೆಯ ಔಷಧಿ ಕುಡಿದ ವಿಷಯ ಯಾರೂ ಬಾಯಿ ಬಿಡಲಿಲ್ಲ. ಅಮ್ಮ ಹೊರಗೆ ಹೋದ ಮೇಲೆ ತಲೆ ತಗ್ಗಿಸಿ ಅವನೇ ಹೇಳಿದ. ಮಗು, ಇದನ್ನು ಮೂರು ವಾರ ಮೊದಲೇ ಹೇಳಬಾರದಿತ್ತಾ ಅನಿಸಿತು. ನಾಚಿಕೆಗೆ ಅಂಜಿ ಮುಚ್ಚಿಟ್ಟರೆ ನಾವು ಬೆನ್ನು, ಸಕ್ಕರೆ, ವಿಟಮಿನ್ ಅಂತ ಹುಡುಕುತ್ತಾ ಕೂರುತ್ತೇವೆ. ಮನಸ್ಸಿನ ಭಾರ ಇನ್ನೂ ಇದ್ದರೆ ಅದನ್ನೂ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ.

ಎಷ್ಟು ದಿನಕ್ಕೆ ಸರಿಹೋಗುತ್ತದೆ? ನರ ಬೆಳೆಯುವುದು ದಿನಕ್ಕೆ ಹೆಚ್ಚು ಕಡಿಮೆ 1 ಮಿಲಿಮೀಟರ್. ಮೊಣಕಾಲಿಂದ ಪಾದದವರೆಗೆ ಲೆಕ್ಕ ಹಾಕಿ, ವರ್ಷ ದಾಟುತ್ತದೆ. ಕೆಲವರಿಗೆ ಬೆನ್ನುಹುರಿಗೂ ಪೆಟ್ಟಾಗಿ ಕಾಲಲ್ಲಿ ಬಿಗಿತ ಉಳಿಯುತ್ತದೆ, ಹಾಗಾಗಿ ಯಾರಿಗೂ ಮಾತು ಕೊಡಲಾರೆ. ಪಾದ ಎತ್ತಿ ಹಿಡಿಯುವ ಪಟ್ಟಿ, ಫಿಸಿಯೋಥೆರಪಿ, ದಿನಾ ರಾತ್ರಿ ಅಂಗಾಲಲ್ಲಿ ಗಾಯ ಆಗಿದೆಯಾ ಅಂತ ನೋಡುವುದು. ಸದ್ಯಕ್ಕೆ ಇರುವ ದಾರಿ ಇಷ್ಟೇ.

ಎಂಟು ತಿಂಗಳ ಮೇಲೆ ಹುಡುಗ ಮತ್ತೆ ಬಂದ. ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್ ಹಾಕಿದ್ದ. ಅದನ್ನು ಬಿಚ್ಚಿ, ಎಡಗಾಲಿನ ಹೆಬ್ಬೆರಳನ್ನು ಅರ್ಧ ಎತ್ತಿ ತೋರಿಸಿದ.